ಒಂದೇ ಕೇಸ್ ಎರಡು ಸಲ ಬಂದರೆ ಹಿಡಿಯುವ ರೂಲ್

ನೆರವು ಕೇಳಿ ಬಂದವರ ದಾಖಲೆಗಳನ್ನು ನಾವು ಮೈಕ್ರೋಸಾಫ್ಟಿನ ಡೈನಾಮಿಕ್ಸ್ 365 ಅನ್ನುವ ಸಾಫ್ಟ್‌ವೇರಿನಲ್ಲಿ ಇಡುತ್ತೇವೆ. ಒಬ್ಬರದೇ ದಾಖಲೆ ಎರಡು ಸಲ ಸೇರಿದ್ದರೆ ಪತ್ತೆಹಚ್ಚಲು ಅದರಲ್ಲಿ ರೂಲ್ ಬರೆಯಬಹುದು. ನಾನು ಮೊದಲ ಸಲ ರೂಲ್ ಬರೆದಾಗ ಹೆಸರೊಂದನ್ನೇ ಹೋಲಿಸಿದ್ದೆ. ‘ಲಕ್ಷ್ಮಿ’ ಒಂದು ಕಡೆ, ‘ಲಕ್ಷ್ಮೀ’ ಇನ್ನೊಂದು ಕಡೆ. ಎರಡೂ ತಪ್ಪಿಸಿಕೊಂಡವು. ಇಬ್ಬರು ಸಿಬ್ಬಂದಿ ಒಬ್ಬರಿಗೇ ಫೋನ್ ಮಾಡಿ, ಅವರ ಕಷ್ಟವನ್ನೆಲ್ಲ ಮತ್ತೆ ಹೇಳಿಸಿದರು. ಅದು ಈಗಲೂ ನನ್ನನ್ನು ಕಾಡುತ್ತದೆ.

ಅದಕ್ಕೇ ಮೊದಲು ಫೋನ್ ನಂಬರ್ ಹಿಡಿಯಿರಿ. ಒಬ್ಬರು ದೇಶದ ಕೋಡ್ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಹಾಗಾಗಿ ಪೂರ್ತಿ ನಂಬರ್ ಬೇಡ, ಕೊನೆಯ 7 ಅಂಕಿ ಹೋಲಿಸಿ. ಡೈನಾಮಿಕ್ಸ್ 365ರಲ್ಲಿ ಈ ಆಯ್ಕೆ ಇದೆ. ಆದರೆ ನಂಬರ್ ಮಧ್ಯೆ ಸ್ಪೇಸ್ ಇದ್ದರೆ ಕೆಡುತ್ತದೆ, ಮೊದಲೇ ತೆಗೆಸಿ.

ಒಂದು ರೂಲಿನ ಷರತ್ತುಗಳೆಲ್ಲ ಒಟ್ಟಿಗೆ ಕೂಡಿಬರಬೇಕು. ‘ಫೋನ್ ಅಥವಾ ಇಮೇಲ್’ ಬೇಕಾದರೆ ಎರಡು ರೂಲ್ ಬರೆಯಿರಿ.

ಏನೂ ತುಂಬದೆ ಖಾಲಿ ಬಿಟ್ಟ ಕಾಲಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅನ್ನುವ ಟಿಕ್ ಮರೆಯಬೇಡಿ. ಇಲ್ಲದಿದ್ದರೆ ನಂಬರ್ ಇಲ್ಲದವರೆಲ್ಲ ಒಬ್ಬರೇ ಅಂತ ತೋರಿಸಬಹುದು. ಆಮೇಲೆ ರೂಲನ್ನು ಪಬ್ಲಿಷ್ ಮಾಡಿ, ಆಗಲೇ ಅದು ಜಾರಿಗೆ ಬರುವುದು. ಸೇವ್ ಮಾಡಿದರಷ್ಟೇ ಸಾಲದು.

ಸುಳ್ಳು ದಾಖಲೆ ಎರಡು ಹಾಕಿ ಪರೀಕ್ಷಿಸಿ. ಸಿಕ್ಕಿದ್ದನ್ನೆಲ್ಲ ಸುಮ್ನೆ ಮರ್ಜ್ ಮಾಡಬೇಡಿ, ಅಂದರೆ ಎರಡು ದಾಖಲೆಗಳನ್ನು ಒಂದಾಗಿ ಸೇರಿಸಿಬಿಡಬೇಡಿ. ತಾಯಿ, ಮಗಳು ಒಂದೇ ಫೋನ್ ಬಳಸುವುದು ಉಂಟು, ಅಲ್ವಾ? ಹುಟ್ಟಿದ ದಿನಾಂಕ ನೋಡಿ, ಆಮೇಲೆ ಬಟನ್ ಒತ್ತಿ.