ಮನೇಲಿ ಎಷ್ಟು ಜನ ಅಂತ ಕೇಳಿದರೆ ಏನು ಬರೆಸಬೇಕು?

ಶಿರಸಿ ಕಡೆಯ ಒಂದು ಹಳೇ ಮನೆ ತಗೊಳ್ಳಿ. ಜಗುಲಿ ಒಂದೇ, ದೇವರ ಕೋಣೆ ಒಂದೇ, ಅಡಿಕೆ ಒಣಗಿಸುವ ಅಟ್ಟವೂ ಒಂದೇ. ಅಣ್ಣ-ತಮ್ಮ ಹಿಸೆ (ಪಾಲು) ಆದಮೇಲೆ ಅಡುಗೆಮನೆ ಮಾತ್ರ ಎರಡು. ಅಣ್ಣನ ಮಗ ಬೆಂಗಳೂರಲ್ಲಿದ್ದಾನೆ. ತಮ್ಮನ ಮಗಳನ್ನು ಕುಮಟೆಗೆ ಕೊಟ್ಟಿದ್ದಾರೆ. ತೋಟದ ಕೆಲಸಕ್ಕೆ ಬಂದವನೊಬ್ಬ ಇಲ್ಲೇ ಉಳಿದು ಇಲ್ಲೇ ಉಣ್ಣುತ್ತಾನೆ. ಹಾಗಾದರೆ ಮನೇಲಿ ಎಷ್ಟು ಜನ? ಇದಕ್ಕೆ ನಾಲ್ಕೈದು ಉತ್ತರ ಇದೆ, ಒಂದೂ ಸುಳ್ಳಲ್ಲ. ಅದಕ್ಕೇ ಸಂಖ್ಯೆ ಹೇಳೋ ಮೊದಲು ಯಾರು ಕೇಳ್ತಿದ್ದಾರೆ, ಯಾಕೆ ಕೇಳ್ತಿದ್ದಾರೆ ಅಂತ ನೋಡಿಕೊಳ್ಳಿ.

ಜನಗಣತಿಯವರಾದರೆ ಅವರದು ಒಲೆ ಲೆಕ್ಕ. ಒಟ್ಟಿಗೆ ವಾಸ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ರಕ್ತಸಂಬಂಧ ಇರಲೇಬೇಕು ಅಂತಿಲ್ಲ. ಹಾಗಾಗಿ ಮೇಲಿನ ಮನೆ ಎರಡು ಕುಟುಂಬ, ಆ ಕೆಲಸದವನು ಯಾವ ಒಲೆಯಲ್ಲಿ ಉಣ್ಣುತ್ತಾನೋ ಆ ಕುಟುಂಬದವನು. ಬೆಂಗಳೂರಿನ ಮಗ ಅಲ್ಲಿನ ಲೆಕ್ಕಕ್ಕೆ ಹೋಗ್ತಾನೆ. ಎಷ್ಟೋ ಅಮ್ಮಂದಿರಿಗೆ ಮಗನ ಹೆಸರು ಬಿಡೋಕೆ ಮನಸ್ಸು ಬರಲ್ಲ, ಆದರೆ ಎರಡೂ ಕಡೆ ಬರೆಸಬೇಡಿ. ಕೆಲಸದ ಮೇಲೆ ಕೆಲವು ದಿನ ಹೊರಗಿದ್ದವರನ್ನು ಮಾತ್ರ ಬಿಡಬಾರದು. ಕಾರವಾರದ ಬೈತಖೋಲ ಬಂದರಿನಿಂದ ಮೀನಿಗೆ ಬೋಟ್ ಹತ್ತಿ ಹೋದ ಯಜಮಾನರು ವಾರ ಬಿಟ್ಟು ಬಂದರೂ ಅವರ ಊಟ ಈ ಒಲೆಯದ್ದೇ ಅಲ್ವಾ? ಈ ಸಲದ ಗಣತಿಯಲ್ಲಿ 2027ರ ಮಾರ್ಚ್ 1ಕ್ಕೆ ಇದ್ದ ಸ್ಥಿತಿಯೇ ಲೆಕ್ಕ.

ರೇಷನ್ ಕಾರ್ಡ್ ವಿಷಯ ಬೇರೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ 18 ದಾಟಿದ ಹೆಂಗಸರಲ್ಲಿ ಹಿರಿಯರು ಯಾರೋ ಅವರೇ ಮನೆ ಯಜಮಾನಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಹೋಗುವುದೂ ಕಾರ್ಡಿನ ಯಜಮಾನಿಗೇ, ಅಂದರೆ ಅತ್ತೆ-ಸೊಸೆ ಒಂದೇ ಕಾರ್ಡಿನಲ್ಲಿದ್ದರೆ ಸಾಮಾನ್ಯವಾಗಿ ಅತ್ತೆಗೆ. ಒಲೆ ನಿಜವಾಗಿ ಬೇರೆ ಆಗಿದ್ದರೆ ಕಾರ್ಡ್ ಬೇರೆ ಕೇಳಿ. ದುಡ್ಡಿಗೋಸ್ಕರ ಕಾಗದದಲ್ಲಿ ಮಾತ್ರ ಬೇರೆ ಆಗೋಕೆ ಹೋದರೆ ಪರಿಶೀಲನೆಗೆ ಬಂದಾಗ ಪಜೀತಿ.

ಜಾಸ್ತಿ ಗಡಿಬಿಡಿ ಆಗೋದು ವಂಶವೃಕ್ಷದಲ್ಲಿ. ಅಜ್ಜ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಏರಿಸೋಕೆ ನಾಡಕಚೇರಿಗೆ ಅರ್ಜಿ ಹಾಕ್ತೀರಿ. ಆಗ ಮನೆ ಗಂಡಸರು ಗಂಡುಮಕ್ಕಳ ಹೆಸರು ಸಾಲಾಗಿ ಬರೆದು, ಹೆಣ್ಣುಮಕ್ಕಳು ಬಂದಲ್ಲಿಗೆ ಪೆನ್ನು ಕೆಳಗಿಡ್ತಾರೆ. "ಅವಳು ಮದುವೆಯಾಗಿ ಹೋದವಳಲ್ವಾ!" ಹೋಗಿದ್ದು ಮನೆಯಿಂದ. ವಂಶದಿಂದ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು. ಆಗ ಅಪ್ಪ ಬದುಕಿರಲೇಬೇಕಿತ್ತು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಆದ್ದರಿಂದ ಸೋದರತ್ತೆಯಂದಿರು, ಅಕ್ಕ-ತಂಗಿಯರು, ತೀರಿಕೊಂಡವರು, ಅವರ ಮಕ್ಕಳು, ಎಲ್ಲರನ್ನೂ ಬರೆಯಿರಿ. ಪಾಲು ಬೇಡ ಅನ್ನುವವರು ಆಮೇಲೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ. ಹೆಸರೇ ಮುಚ್ಚಿಟ್ಟರೆ ಹತ್ತು ವರ್ಷ ಬಿಟ್ಟು ತೋಟ ಮಾರುವ ಹೊತ್ತಿಗೆ ಮಾತು ಎದ್ದೇ ಏಳುತ್ತದೆ.

ಯೋಜನೆಗೆ ಜಾಗ ಹೋದರೆ ಕುಟುಂಬ ಅಂದರೆ ಯಾರು ಅನ್ನೋದರ ಬೆಲೆ ಎಷ್ಟು ಅಂತ ನೌಕಾನೆಲೆಗೆ ಜಾಗ ಬಿಟ್ಟ ಕಾರವಾರ, ಅಂಕೋಲೆಯವರಿಗೆ ನಾವು ಹೇಳಬೇಕಾಗಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ವಯಸ್ಸಿಗೆ ಬಂದ ಪ್ರತಿಯೊಬ್ಬರೂ, ಮದುವೆ ಆಗಿರಲಿ ಬಿಡಲಿ, ಗಂಡಾಗಲಿ ಹೆಣ್ಣಾಗಲಿ, ಒಂದೊಂದು ಬೇರೆ ಕುಟುಂಬ. ವಿಧವೆ, ವಿಚ್ಛೇದನ ಆದವಳು, ಮನೆಯವರು ಕೈಬಿಟ್ಟವಳು ಸಹ ಹಾಗೆಯೇ. ಸರ್ವೆಗೆ ಬಂದಾಗ ಒಂದೇ ಒಲೆ ಅಂತ ಒಂದೇ ಹೆಸರು ಕೊಟ್ಟು ಸುಮ್ನೆ ಕೂರಬೇಡಿ.

ಹೊರದೇಶದ ಫಾರ್ಮ್ ಬಂದರೆ ನಮ್ಮ ಲೆಕ್ಕ ಪೂರ್ತಿ ಬದಿಗಿಡಿ. ಅಮೆರಿಕದ ಗಣತಿಯಲ್ಲಿ ಒಂದು ಮನೆಯೊಳಗೆ ವಾಸ ಇರುವವರೆಲ್ಲ ಒಂದು ಹೌಸ್‌ಹೋಲ್ಡ್, ಯಾರು ಎಲ್ಲಿ ಉಂಡರೂ ಸರಿ. ಅಲ್ಲಿನ ಪೌರರು ಊರಿನ ನಂಟರನ್ನು ಕಾಯಂ ಆಗಿ ಅಲ್ಲಿಗೆ ಕರೆಸಿಕೊಳ್ಳುವಾಗ ತೀರಾ ಹತ್ತಿರದವರು ಅಂದರೆ ಗಂಡ ಅಥವಾ ಹೆಂಡತಿ, 21 ತುಂಬದ ಮದುವೆಯಾಗದ ಮಕ್ಕಳು, ಅಪ್ಪ-ಅಮ್ಮ, ಇಷ್ಟೇ. ಅಣ್ಣ-ತಮ್ಮ ಬೇರೆ ಸಾಲಿನಲ್ಲಿ ವರ್ಷಗಟ್ಟಲೆ ಕಾಯಬೇಕು. ಸಾಕಿ ಬೆಳೆಸಿದ ದೊಡ್ಡಪ್ಪನಿಗೆ ಜಾಗವೇ ಇಲ್ಲ. ಜಪಾನಿನಲ್ಲಿ ಮದುವೆಯಾದ ಜೋಡಿಗೆ ಹೊಸ ಕುಟುಂಬ ದಾಖಲೆ ತೆರೆಯುತ್ತಾರೆ. ಅವರು ಕೊಸೆಕಿ ಅನ್ನುವ ಆ ದಾಖಲೆಯಲ್ಲಿ ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ಇರಲ್ಲ.

ಅಷ್ಟು ದೂರ ಯಾಕೆ, ಮೇಘಾಲಯದ ಖಾಸಿಯವರಲ್ಲಿ ಮಕ್ಕಳು ಅಮ್ಮನ ಕುಲಕ್ಕೆ ಸೇರ್ತಾರೆ, ಮನೆ ಉಳಿಯುವುದು ಕೊನೆಯ ಮಗಳ ಕೈಯಲ್ಲಿ. ಆ ಕಡೆಯ ಸಂಬಂಧ ಕೂಡಿಬಂದರೆ "ನಿಮ್ಮ ತಂದೆಯ ಮನೆತನ ಯಾವುದು" ಅಂತ ಶುರುಮಾಡಬೇಡಿ, ಅಮ್ಮನ ಕಡೆಯಿಂದ ಕೇಳಿ.

ಕೊನೆಗೆ ಮದುವೆ ಹೇಳಿಕೆ, ಅಂದರೆ ಮದುವೆಗೆ ಕರೆಯೋಕೆ ಹೋಗೋದು. ಇದಕ್ಕೆ ಫಾರ್ಮ್ ಇಲ್ಲ, ಆದರೆ ತಪ್ಪಿದರೆ ಕಚೇರಿಗಿಂತ ಕಷ್ಟ. ಹಿಸೆ ಆದ ಮನೆಗೆ ಹೋದರೆ ಜಗುಲಿಯಲ್ಲಿ ಕೂತ ಹಿರಿಯರ ಕೈಗೆ ಒಂದು ಕಾಗದ ಕೊಟ್ಟು ಎದ್ದು ಬರಬೇಡಿ, ಇನ್ನೊಂದು ಒಲೆಯವರಿಗೆ ಬೇರೆ ಕಾಗದ ಕೊಟ್ಟು ಬೇರೆಯಾಗಿ ಬಾಯಲ್ಲಿ ಹೇಳಿ, ಒಳಗಿರುವ ಹೆಂಗಸರಿಗೂ ಹೇಳಿ. ಮನೆಮಂದಿಗೆಲ್ಲ ಕರೆಯೋ, ಮನೆಗೊಬ್ಬರೋ ಅನ್ನೋದನ್ನು ಅಲ್ಲೇ ಬಿಡಿಸಿ ಹೇಳಿಬಿಡಿ. ಅಡುಗೆ ಭಟ್ಟರಿಗೆ ಎಲೆ ಲೆಕ್ಕ ಕೊಡುವಾಗ ಆ ಕೆಲಸದವನನ್ನೂ ಸೇರಿಸಿಕೊಳ್ಳಿ, ಅವನೂ ಬರ್ತಾನೆ.