ಗುಡುಗು, ಕರೆಂಟು ಮತ್ತು ಲ್ಯಾಪ್‌ಟಾಪ್: ನನ್ನ ಅನುಭವ

ಸೋಮವಾರಪೇಟೆ ಹತ್ತಿರದ ನಮ್ಮ ತೋಟದ ಮನೆಯಲ್ಲೇ ಕೂತು ನಾನು ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಲ್ಯಾಪ್‌ಟಾಪ್ ಕೆಟ್ಟರೆ ಕೆಲಸ ನಿಂತಂತೆಯೇ. ರಿಪೇರಿಗೆ ಕುಶಾಲನಗರಕ್ಕೋ ಮೈಸೂರಿಗೋ ಓಡಬೇಕು. ಅದಕ್ಕೇ ನಾನು ಮೊದಲು ಗಮನ ಕೊಟ್ಟಿದ್ದು ಗೋಡೆಯ ಪ್ಲಗ್ ಪಾಯಿಂಟಿಗೆ. ಅದರಲ್ಲೂ ಮೇಲಿನ ದೊಡ್ಡ ತೂತಿಗೆ, ಅಂದರೆ ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಗೆ.

ನನ್ನದು ಲೋಹದ ಮೈಯ ಲ್ಯಾಪ್‌ಟಾಪ್, ಮೂರು ಪಿನ್ನಿನ ಅಡಾಪ್ಟರ್. ಚಾರ್ಜಿಗೆ ಹಾಕಿ ಅಂಗೈ ಊರಿದರೆ ಸಣ್ಣಗೆ ಜುಮ್ ಅನ್ನುತ್ತಿತ್ತು. ಚಾರ್ಜರ್ ತೆಗೆದರೆ ಏನೂ ಇಲ್ಲ. ಅಡಾಪ್ಟರಿನ ಒಳಗಿರುವ ಕೆಪಾಸಿಟರುಗಳಿಂದ ತುಂಬಾ ಕಡಿಮೆ ಕರೆಂಟು ಸೋರುತ್ತದೆ. ಅದು ಅರ್ಥ್ ವೈರಿನಲ್ಲಿ ಇಳಿದು ಹೋಗಬೇಕು. ಅರ್ಥ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಗೇ ಬರುತ್ತದೆ. ಅಷ್ಟು ಕರೆಂಟಿನಿಂದ ಜೀವಕ್ಕೇನೂ ಆಗುವುದಿಲ್ಲ. ಆದರೆ ಗೀಸರೋ ಮಿಕ್ಸಿಯೋ ಶಾಕ್ ಹೊಡೆಯುವ ದಿನ ನಮ್ಮನ್ನು ಕಾಯಬೇಕಾದ್ದೂ ಅದೇ ಅರ್ಥ್ ಅಲ್ವಾ?

ಎಲೆಕ್ಟ್ರಿಷಿಯನ್‌ನ ಕರೆಸಿದೆ. ಮೀಟರ್ ಇಟ್ಟರೆ ಫೇಸಿಗೂ (ಕರೆಂಟು ಬರುವ ತೂತು) ಅರ್ಥಿಗೂ ನಡುವೆ 220 ವೋಲ್ಟ್ ತೋರಿಸಿತು. "ಸರಿ ಇದೆಯಲ್ಲಣ್ಣ" ಅಂದೆ. "ಮೀಟರಿಗೆ ಕರೆಂಟ್ ಜಾಸ್ತಿ ಬೇಡ ಅಕ್ಕ, ಅರ್ಥ್ ಕೆಟ್ಟಿದ್ರೂ ವೋಲ್ಟೇಜ್ ತೋರಿಸುತ್ತೆ. ಬಲ್ಬ್ ಹಾಕಿ ನೋಡೋಣ" ಅಂತ 100 ವಾಟಿನ ಹಳೇ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ ಅದೇ ಎರಡು ತೂತಿಗೆ ವೈರ್ ಕೊಟ್ಟರು. ಬಲ್ಬಿನ ಒಳಗಿನ ತಂತಿ ಕೆಂಪಗಾಯಿತು, ಅಷ್ಟೇ. ಬೆಳಕೇ ಬರಲಿಲ್ಲ. ಫೇಸಿಗೂ ನ್ಯೂಟ್ರಲ್ಲಿಗೂ (ಕರೆಂಟು ವಾಪಸ್ ಹೋಗುವ ತೂತು) ಕೊಟ್ಟಾಗ ಝಗ್ ಅಂತ ಉರಿಯಿತು. ಈ ಪರೀಕ್ಷೆಗೆ ನಾವು ಮಾತ್ರ ಕೈ ಹಾಕಬಾರದು.

ಮನೆ ಹಿಂದೆ ಹೋಗಿ ನೋಡಿದರೆ ಅರ್ಥ್ ಪೈಪಿನ ಕ್ಲಾಂಪ್ ತುಕ್ಕು ಹಿಡಿದು ಪುಡಿಪುಡಿಯಾಗಿತ್ತು. ಹೊಸ ಗುಂಡಿ ತೆಗೆಸಿ, ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿದೆವು. ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಕೂಡ ಹಾಕಿಸಿದೆ. ಅವತ್ತಿನಿಂದ ಜುಮ್ ಅನ್ನುವುದು ನಿಂತಿದೆ. ಮಳೆಗಾಲದಲ್ಲಿ ನಮ್ಮ ನೆಲ ಹೇಗೂ ಒದ್ದೆ. ಫೆಬ್ರವರಿ, ಮಾರ್ಚಿನಲ್ಲಿ ಒಣಗಿದಾಗ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯುತ್ತೇನೆ.

ಇಷ್ಟಾದ ಮೇಲೇ ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ಸ್ಪೈಕ್ ಗಾರ್ಡ್ ಕೊಂಡಿದ್ದು. ಅರ್ಥ್ ಇಲ್ಲದ ಪಾಯಿಂಟಿಗೆ ಅದನ್ನು ಹಾಕಿದರೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಇನ್ನು ಹತ್ತಿರದಲ್ಲೇ ಸಿಡಿಲು ಬಡಿದರೆ ಯಾವ ಸ್ಪೈಕ್ ಗಾರ್ಡನ್ನೂ ನಾನು ನಂಬುವುದಿಲ್ಲ. ಕಾಫಿ ಹೂಮಳೆ ಬರುವುದೇ ಗುಡುಗು ಸಿಡಿಲಿನ ಜೊತೆ. ದೂರದಲ್ಲಿ ಗುಡುಗಿದ ತಕ್ಷಣ ಚಾರ್ಜರನ್ನು ಪಾಯಿಂಟಿನಿಂದ ಕಿತ್ತಿಡುತ್ತೇನೆ. ಸ್ವಿಚ್ ಆಫ್ ಮಾಡಿದರೆ ಸಾಲದು. ರೌಟರಿನಿಂದ ಲ್ಯಾಪ್‌ಟಾಪಿಗೆ ಬರುವ ಲ್ಯಾನ್ ಕೇಬಲ್ ಕೂಡ ಬಿಚ್ಚಬೇಕು, ಇದನ್ನೇ ತುಂಬಾ ಜನ ಮರೆಯುತ್ತಾರೆ. ನಮ್ಮದು ಫೈಬರ್ ಇಂಟರ್ನೆಟ್, ಸಿಡಿಲು ಬರಲ್ಲ ಅನ್ನುತ್ತಾರೆ. ಗಾಜಿನ ಎಳೆಯಲ್ಲಿ ಬರದೇ ಇರಬಹುದು, ಆದರೆ ರೌಟರಿಗೂ ಕರೆಂಟಿನ ವೈರ್ ಇದೆ. ಸಿಡಿಲು ತಲೆ ಮೇಲೇ ಹೊಡೆಯುತ್ತಿರುವಾಗ ಮಾತ್ರ ಪ್ಲಗ್ ಮುಟ್ಟಲು ಹೋಗಬೇಡಿ. ಹೋದರೆ ಲ್ಯಾಪ್‌ಟಾಪ್ ಹೋಗಲಿ.

ಜೂನ್‌ನಿಂದ ಬೇರೆ ಕಷ್ಟ. ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಹೋದರೆ ಅಷ್ಟು ಚಿಂತೆಯಿಲ್ಲ. ವೋಲ್ಟೇಜ್ ಇಳಿದರೂ ಪರವಾಗಿಲ್ಲ, ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ನಿಜವಾದ ಭಯ ನ್ಯೂಟ್ರಲ್ ಕಡಿದಾಗ. ಆಗ ನಮ್ಮ 230 ವೋಲ್ಟಿನ ಪಾಯಿಂಟಿಗೆ 400ರ ಹತ್ತಿರ ಬರಬಹುದು. ಬಲ್ಬುಗಳು ಇದ್ದಕ್ಕಿದ್ದಂತೆ ವಿಪರೀತ ಬೆಳಗಿದರೆ, ಅಥವಾ ಒಂದು ಕೋಣೆಯಲ್ಲಿ ಜಾಸ್ತಿ ಇನ್ನೊಂದರಲ್ಲಿ ಮಂಕಾಗಿ ಉರಿದರೆ, ಬೇರೇನೂ ಯೋಚಿಸದೆ ಮೇನ್ ಆಫ್ ಮಾಡಿ. ಕರೆಂಟ್ ವಾಪಸ್ ಬಂದಾಗಲೂ ನಾನು ಸ್ವಲ್ಪ ಹೊತ್ತು ಕಾದು, ಲೈಟ್ ಮಿಣುಕುವುದು ನಿಂತ ಮೇಲೇ ಚಾರ್ಜಿಗೆ ಹಾಕುತ್ತೇನೆ.

ಮಳೆಗಾಲದಲ್ಲಿ ನಮ್ಮಲ್ಲಿ ಬೀರುವಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪನ್ನು ಒದ್ದೆ ಗೋಡೆಗೆ ತಾಗಿಸಿ ಇಡುವುದಿಲ್ಲ. ಅಡಾಪ್ಟರ್ ನೆಲದ ಮೇಲಲ್ಲ, ಮರದ ಹಲಗೆ ಮೇಲೆ. ಚಳಿ ಅಂತ ಲ್ಯಾಪ್‌ಟಾಪನ್ನು ಕಂಬಳಿಯೊಳಗೆ ಇಟ್ಟುಕೊಂಡು ಕೆಲಸ ಮಾಡಿದರೆ ಅದರ ಬಿಸಿ ಹೋಗಲು ದಾರಿಯಿಲ್ಲ, ಫ್ಯಾನಿನ ಕಿಂಡಿಯೂ ಮುಚ್ಚುತ್ತದೆ.

ಬೇರೆ ಚಾರ್ಜರ್ ಕೊಳ್ಳುವಾಗ ಪಿನ್ ಹೊಂದಿದರೆ ಸಾಲದು. ಹಳೆಯದರ ಮೇಲಿನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯಾ ನೋಡಿ. ಮೂರು ಪಿನ್ನನ್ನು ಎರಡು ಪಿನ್ನಿಗೆ ಇಳಿಸಿ ಅರ್ಥನ್ನೇ ತಪ್ಪಿಸುವ ಕನ್ವರ್ಟರ್ ನಮ್ಮ ಮನೆಯಲ್ಲಿ ಈಗ ಒಂದೂ ಇಲ್ಲ.

ಬ್ಯಾಟರಿ ಜಾಸ್ತಿ ವರ್ಷ ಬಾಳಲಿ ಅಂತ ಸೆಟ್ಟಿಂಗಿನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ 100, ಯಾಕೆಂದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವವರಿಲ್ಲ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಒಳಗೆ ಬ್ಯಾಟರಿ ಉಬ್ಬಿರಬಹುದು. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಆಫ್ ಮಾಡಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ ಇಟ್ಟು, ಸರ್ವಿಸ್‌ನವರಿಗೇ ಕೊಡಿ.