ಕಂಪನಿಯ ಲೆಕ್ಕ ಓದಬೇಕೇ? ತೆರಿಗೆಯ ಪುಟದಿಂದ ಶುರು ಮಾಡಿ

ವಾರ್ಷಿಕ ವರದಿ ಕೈಗೆ ಬಂದ ಕೂಡಲೇ ಹೆಚ್ಚಿನವರ ಕಣ್ಣು ಹೋಗುವುದು ನಿವ್ವಳ ಲಾಭದ ಕಡೆಗೆ. ಹೋದ ವರ್ಷಕ್ಕಿಂತ ಜಾಸ್ತಿಯೋ ಕಡಿಮೆಯೋ ನೋಡಿ ವರದಿ ಮುಚ್ಚಿಡುತ್ತಾರೆ. ನಾನು ಮೊದಲು ಹಿಂದಿನ ಪುಟಗಳಿಗೆ ಹೋಗಿ ತೆರಿಗೆಯ ಟಿಪ್ಪಣಿ ಹುಡುಕುತ್ತೇನೆ. ಷೇರುದಾರರ ಮುಂದೆ ಲಾಭ ಜಾಸ್ತಿ ಕಾಣಬೇಕು, ತೆರಿಗೆ ಇಲಾಖೆಯ ಮುಂದೆ ಕಡಿಮೆ ಕಾಣಬೇಕು ಅನ್ನುವ ಆಸೆ ಯಾವ ಕಂಪನಿಗೂ ಇರುವಂಥದ್ದೇ. ಈ ಎರಡು ಲೆಕ್ಕಗಳು ಎದುರುಬದುರು ನಿಲ್ಲುವುದು ಆ ಪುಟದಲ್ಲಿ. ಅಲ್ಲಿಂದ ಹೊರಟರೆ ಸಾಲ, ಬಡ್ಡಿ, ಕೊನೆಗೆ ಸರ್ಕಾರದ ಸಾಲದವರೆಗೂ ದಾರಿ ಸಿಗುತ್ತದೆ.

ಐದು ವರ್ಷದ ವರದಿಗಳು, ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಕೂಡು, ಕಳೆ, ಭಾಗಾಕಾರ ಗೊತ್ತಿದ್ದರೆ ಸಾಕು.

ಹೆಜ್ಜೆ 1: ನಿಜವಾಗಿ ಬಿದ್ದ ತೆರಿಗೆ ದರ ಎಷ್ಟು?

ಉದಾಹರಣೆಗೆ ಒಂದು ಕಂಪನಿ ಅಂದುಕೊಳ್ಳೋಣ. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚೆ ಅದರ ಲಾಭ 120 ಕೋಟಿ. ಸಾಲ 500 ಕೋಟಿ, ಬಡ್ಡಿ ಶೇ 8. ಅಂದರೆ ಬಡ್ಡಿಗೆ 40 ಕೋಟಿ ಹೋಗಿ 80 ಕೋಟಿ ಉಳಿಯಿತು. ತೆರಿಗೆ ದರ ಶೇ 25 ಇದ್ದರೆ 20 ಕೋಟಿ ಕಟ್ಟಬೇಕು, ಅಲ್ವಾ? ವರದಿಯಲ್ಲಿ ಇರುವುದು 8 ಕೋಟಿ. ನಿವ್ವಳ ಲಾಭ 72 ಕೋಟಿ ಅಂತ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿದೆ.

ಉಳಿದ 12 ಕೋಟಿ ಏನಾಯಿತು? ಇದಕ್ಕೆ ಉತ್ತರ ಕೊಡಲೆಂದೇ ತೆರಿಗೆ ಟಿಪ್ಪಣಿಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಕಾನೂನಿನ ದರದಂತೆ ಆಗಬೇಕಿದ್ದ ತೆರಿಗೆಯಿಂದ ಶುರುವಾಗಿ, ಒಂದೊಂದೇ ಕಾರಣ ಹೇಳುತ್ತಾ, ನಿಜವಾಗಿ ತೋರಿಸಿದ ತೆರಿಗೆಗೆ ಬಂದು ನಿಲ್ಲುವ ಪಟ್ಟಿ ಅದು. ನಮ್ಮ ಕಂಪನಿಯ ಪಟ್ಟಿಯಲ್ಲಿ ಎರಡು ಸಾಲುಗಳಿವೆ ಅನ್ನಿ. ಹಿಂದೆ ಲೆಕ್ಕಕ್ಕೆ ಹಿಡಿಯದಿದ್ದ ಹಳೆಯ ನಷ್ಟವನ್ನು ಈಗಿನ ಲಾಭದಲ್ಲಿ ಕಳೆದು ತೋರಿಸಿದ್ದರಿಂದ ಉಳಿದದ್ದು 8 ಕೋಟಿ. ತೆರಿಗೆ ಕಡಿಮೆ ಇರುವ ಬೇರೆ ದೇಶದ ಅಂಗಸಂಸ್ಥೆಯಿಂದ ಉಳಿದದ್ದು 4 ಕೋಟಿ.

ಪ್ರತಿ ಸಾಲಿನ ಪಕ್ಕದಲ್ಲೂ ಒಂದೇ ಪ್ರಶ್ನೆ ಬರೆಯಿರಿ: ಇದು ಮುಂದಿನ ವರ್ಷವೂ ಸಿಗುತ್ತದೆಯೇ? ಹಳೆಯ ನಷ್ಟ ಒಂದು ದಿನ ಮುಗಿದುಹೋಗುತ್ತದೆ. ಎರಡನೆಯದೂ ಈಗ ಮೊದಲಿನಷ್ಟು ಗಟ್ಟಿಯಲ್ಲ. 2021ರ ಅಕ್ಟೋಬರ್‌ನಲ್ಲಿ 130ಕ್ಕೂ ಹೆಚ್ಚು ದೇಶಗಳು ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ 15 ತೆರಿಗೆ ಎಂಬ ಒಪ್ಪಂದಕ್ಕೆ ಬಂದವು. ವಾರ್ಷಿಕ ವಹಿವಾಟು 75 ಕೋಟಿ ಯೂರೊ ಮುಟ್ಟಿದ ಕಂಪನಿಗಳಿಗೆಂದು ಮಾಡಿದ ಒಪ್ಪಂದ ಅದು. ಎರಡೂ ಅನುಕೂಲ ಹೋದರೆ ವ್ಯಾಪಾರ ಒಂದಿಷ್ಟೂ ಕೆಡದೆ ಲಾಭ 72ರಿಂದ 60 ಕೋಟಿಗೆ ಇಳಿಯುತ್ತದೆ.

ಹೆಜ್ಜೆ 2: ಕೈಯಿಂದ ಹೋದ ತೆರಿಗೆ ನೋಡಿ

ಈಗ ನಗದು ಹರಿವಿನ ಪಟ್ಟಿ ತೆಗೆಯಿರಿ. ಅಲ್ಲಿ 'ಪಾವತಿಸಿದ ತೆರಿಗೆ' ಅಂತ ಒಂದು ಸಾಲು ಇರುತ್ತದೆ. ಐದು ವರ್ಷದ ಮೊತ್ತ ಕೂಡಿ, ಲಾಭ–ನಷ್ಟ ಪಟ್ಟಿಯ ಐದು ವರ್ಷದ ತೆರಿಗೆಯ ಪಕ್ಕದಲ್ಲಿ ಬರೆಯಿರಿ.

ಎರಡಕ್ಕೂ ವ್ಯತ್ಯಾಸ ಬಂದ ತಕ್ಷಣ ಅನುಮಾನ ಬೇಡ. 100 ಕೋಟಿಯ ಯಂತ್ರವನ್ನು ಕಂಪನಿ ತನ್ನ ಪುಸ್ತಕದಲ್ಲಿ ಹತ್ತು ವರ್ಷ ಸವೆಸುತ್ತದೆ (ಅಂದರೆ ಅದರ ಬೆಲೆಯನ್ನು ಹತ್ತು ವರ್ಷಕ್ಕೆ ಹಂಚಿ ಖರ್ಚು ಬರೆಯುತ್ತದೆ), ತೆರಿಗೆ ಕಾನೂನು ಐದೇ ವರ್ಷದಲ್ಲಿ ಸವೆಸಲು ಬಿಡುತ್ತದೆ ಅನ್ನಿ. ಮೊದಲ ಐದು ವರ್ಷ ತೆರಿಗೆ ಲೆಕ್ಕದಲ್ಲಿ ಪ್ರತಿ ವರ್ಷ 10 ಕೋಟಿ ಹೆಚ್ಚು ಸವಕಳಿ ಸಿಗುತ್ತದೆ. ಶೇ 25ರಂತೆ ವರ್ಷಕ್ಕೆ ಎರಡೂವರೆ ಕೋಟಿ ತೆರಿಗೆ ಮುಂದಕ್ಕೆ ಹೋಗುತ್ತದೆ. ಆಮೇಲಿನ ಐದು ವರ್ಷ ಅದೇ ಹಣ ಕಟ್ಟಬೇಕು. ಇದಕ್ಕೇ ಡೆಫರ್ಡ್ ಟ್ಯಾಕ್ಸ್ ಅನ್ನುವುದು. ಹೊಸ ಯಂತ್ರ, ಹೊಸ ಕಟ್ಟಡ ಏನೂ ಇಲ್ಲ, ಲಾಭ ಮಾತ್ರ ವರ್ಷವರ್ಷ ಏರುತ್ತಿದೆ, ಕಟ್ಟಿದ ತೆರಿಗೆ ಇದ್ದಲ್ಲೇ ಇದೆ ಅಂದರೆ ಆಗ ಲಾಭ ಕಾಗದದ ಮೇಲೆ ಮಾತ್ರ ಇದೆಯೇ ಅಂತ ನಿಂತು ಯೋಚಿಸಬೇಕು.

ಹೆಜ್ಜೆ 3: ತೆರಿಗೆಯಿಂದ ಹುಟ್ಟಿದ ಆಸ್ತಿ

ಬ್ಯಾಲೆನ್ಸ್ ಶೀಟಿನ ಆಸ್ತಿ ಭಾಗದಲ್ಲೂ ಕೆಲವೊಮ್ಮೆ ಡೆಫರ್ಡ್ ಟ್ಯಾಕ್ಸ್ ಇರುತ್ತದೆ. ಹಳೆಯ ನಷ್ಟದಿಂದ ಮುಂದೆ ತೆರಿಗೆ ಉಳಿಯುತ್ತದೆ ಎಂಬ ನಿರೀಕ್ಷೆಯನ್ನೇ ಆಸ್ತಿ ಅಂತ ಬರೆದುಕೊಂಡಿರುವುದು ಅದು. ಇದನ್ನು ಮಾರಿ ಸಾಲ ತೀರಿಸಲು ಆಗುವುದಿಲ್ಲ. ಮುಂದೆ ಲಾಭ ಬಂದರೆ ಮಾತ್ರ ಇದಕ್ಕೆ ಬೆಲೆ.

ತೆರಿಗೆ ದರ ಇಳಿದರೂ ಈ ಆಸ್ತಿ ಕರಗುತ್ತದೆ. ಅಮೆರಿಕ 2017ರ ಡಿಸೆಂಬರ್‌ನಲ್ಲಿ ಕಂಪನಿ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿತು. ಎಲ್ಲರಿಗೂ ಲಾಭವೇ ಅನ್ನಿಸುತ್ತದೆ. ಆದರೆ ಅಲ್ಲಿನ ದೊಡ್ಡ ಬ್ಯಾಂಕ್ ಸಿಟಿಗ್ರೂಪ್ ಆ ತ್ರೈಮಾಸಿಕದಲ್ಲಿ ಸುಮಾರು 1,830 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. ಅದರ ಬಳಿ ಇಂಥ ತೆರಿಗೆ ಆಸ್ತಿ ರಾಶಿ ಇತ್ತು. ಮುಂದೆ ಪ್ರತಿ 100 ಡಾಲರ್‌ಗೆ 35 ಉಳಿಸಬೇಕಿದ್ದ ಹಳೆಯ ನಷ್ಟ ಇನ್ನು 21 ಮಾತ್ರ ಉಳಿಸುತ್ತದೆ. ಹಾಗಾಗಿ ನಿವ್ವಳ ಆಸ್ತಿ ಲೆಕ್ಕ ಹಾಕುವಾಗ ನಾನು ಈ ಸಾಲನ್ನು ಮೊದಲು ಕಳೆದುಬಿಡುತ್ತೇನೆ.

ಹೆಜ್ಜೆ 4: ಸಾಲ ಯಾವಾಗ ತೀರಿಸಬೇಕು?

ಬಡ್ಡಿ, ತೆರಿಗೆ ಕಳೆಯುವ ಮುಂಚಿನ ಲಾಭವನ್ನು ಬಡ್ಡಿಯಿಂದ ಭಾಗಿಸಿ: 120 ಭಾಗಿಸು 40, ಅಂದರೆ ಮೂರು ಪಟ್ಟು. ಸದ್ಯಕ್ಕೆ ಪರವಾಗಿಲ್ಲ. ಬಡ್ಡಿಯನ್ನು ಖರ್ಚು ಅಂತ ಕಳೆದು ತೆರಿಗೆ ಹಾಕುವುದರಿಂದ 40 ಕೋಟಿ ಬಡ್ಡಿಗೆ 10 ಕೋಟಿ ತೆರಿಗೆ ಉಳಿಯುತ್ತದೆ. ಷೇರುದಾರರಿಗೆ ಕೊಡುವ ಡಿವಿಡೆಂಡ್‌ಗೆ ಸಾಮಾನ್ಯವಾಗಿ ಈ ಅನುಕೂಲ ಇಲ್ಲ. ಕಂಪನಿಗಳಿಗೆ ಸಾಲ ರುಚಿಸಲು ಇದೂ ಒಂದು ಕಾರಣ. ಇದು ಮಿತಿ ಮೀರದಿರಲೆಂದು ಐರೋಪ್ಯ ಒಕ್ಕೂಟದ 2016ರ ನಿಯಮ, ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಗಳಿಕೆಯ ಶೇ 30ಕ್ಕೆ ಈ ಕಳೆಯುವಿಕೆಯನ್ನು ಕಟ್ಟಿಹಾಕಿದೆ.

ಇದಕ್ಕಿಂತ ಮುಖ್ಯವಾದದ್ದು ಸಾಲ ಮರುಪಾವತಿಯ ಟಿಪ್ಪಣಿ. ನಮ್ಮ ಕಂಪನಿಯ 500 ಕೋಟಿಯಲ್ಲಿ 200 ಕೋಟಿ ಮುಂದಿನ ವರ್ಷವೇ ತೀರಿಸಬೇಕು ಅಂತಿದೆ ಅನ್ನಿ. ಕೈಯಲ್ಲಿ ಅಷ್ಟು ನಗದು ಇಲ್ಲದಿದ್ದರೆ ಹೊಸ ಸಾಲ ಎತ್ತಿಯೇ ಹಳೆಯದನ್ನು ತೀರಿಸಬೇಕು. ಅದು ಯಾವ ಬಡ್ಡಿಗೆ ಸಿಗುತ್ತದೆ?

ಹೆಜ್ಜೆ 5: ಸರ್ಕಾರದ ಬಾಂಡ್ ನೋಡಿ

ಒಂದು ದೇಶದಲ್ಲಿ ಸಾಲದ ಬೆಲೆ ಗೊತ್ತಾಗುವುದು ಸರ್ಕಾರದ ಬಾಂಡ್‌ನಿಂದ, ಅಂದರೆ ಸರ್ಕಾರ ಸಾಲ ಎತ್ತಲು ಮಾರುವ ಪತ್ರದಿಂದ. ಸರ್ಕಾರಕ್ಕೆ ಶೇ 5ಕ್ಕೆ ಸಾಲ ಸಿಕ್ಕರೆ ನಮ್ಮ ಕಂಪನಿಗೆ ಶೇ 8ಕ್ಕೆ ಸಿಗುತ್ತದೆ. ಮೇಲಿನ ಮೂರು, ಕಂಪನಿಯ ಮೇಲೆ ನಂಬಿಕೆ ಕಡಿಮೆ ಇರುವುದಕ್ಕೆ ತೆರುವ ಬೆಲೆ. ಸರ್ಕಾರದ ದರ ಏರಿದರೆ ಕಂಪನಿಯದೂ ಏರುತ್ತದೆ, ಅದರ ವ್ಯಾಪಾರ ಎಷ್ಟೇ ಚೆನ್ನಾಗಿರಲಿ.

ಬ್ರಿಟನ್ನಿನಲ್ಲಿ 2022ರಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಕಂಪನಿ ತೆರಿಗೆ ಶೇ 19ರಿಂದ 25ಕ್ಕೆ ಏರಬೇಕಿತ್ತು. ಸೆಪ್ಟೆಂಬರ್ 23ರಂದು ಸರ್ಕಾರ ಆ ಏರಿಕೆ ಕೈಬಿಟ್ಟಿತು, ಇನ್ನೂ ಕೆಲವು ತೆರಿಗೆ ಇಳಿಸಿತು. ಕೊರತೆ ಸಾಲದಿಂದ ತುಂಬಬೇಕಿತ್ತು. ಬಾಂಡ್ ಕೊಂಡವರು ಹೆದರಿ ಮಾರತೊಡಗಿದರು. ಬಾಂಡ್‌ನ ಬೆಲೆ ಬಿದ್ದಂತೆ ಅದರ ಬಡ್ಡಿ ದರ ಏರುತ್ತದೆ. ಮೂವತ್ತು ವರ್ಷದ ಬಾಂಡ್‌ನ ಬಡ್ಡಿ ದರ ಕೆಲವೇ ದಿನಗಳಲ್ಲಿ ಶೇ 5 ದಾಟಿತು. ಸೆಪ್ಟೆಂಬರ್ 28ಕ್ಕೆ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಬಾಂಡ್ ಕೊಳ್ಳಲು ಇಳಿಯಬೇಕಾಯಿತು. ಅಕ್ಟೋಬರ್ ಮಧ್ಯದಲ್ಲಿ ಕಂಪನಿ ತೆರಿಗೆ ಮತ್ತೆ ಶೇ 25 ಅಂತ ಘೋಷಣೆಯಾಯಿತು.

ನಮ್ಮ ಕಂಪನಿಗೆ ಇದೇ ಲೆಕ್ಕ ಹಾಕಿ ನೋಡಿ. ತೆರಿಗೆ ಶೇ 25ರ ಬದಲು 19 ಆದರೆ 80 ಕೋಟಿಯ ಮೇಲೆ ಉಳಿಯುವುದು 4.8 ಕೋಟಿ. ಅದೇ ಹೊತ್ತಿಗೆ ಸರ್ಕಾರದ ದರ ಶೇ 5ರಿಂದ 8ಕ್ಕೆ, ಅದರ ಹಿಂದೆಯೇ ಕಂಪನಿಯದು 8ರಿಂದ 11ಕ್ಕೆ ಏರಿತು ಅನ್ನಿ. 200 ಕೋಟಿಯ ಹೊಸ ಸಾಲಕ್ಕೆ 6 ಕೋಟಿ ಹೆಚ್ಚು ಬಡ್ಡಿ. ಅದರಿಂದ ಉಳಿಯುವ ತೆರಿಗೆ ಕಳೆದರೂ 4.86 ಕೋಟಿ ಹೊರೆ. ತೆರಿಗೆಯಲ್ಲಿ ಉಳಿದದ್ದಷ್ಟೂ ಬಡ್ಡಿಗೇ ಹೋಯಿತು. ಬಾಕಿ 300 ಕೋಟಿ ಸಾಲದ ಗಡುವು ಇನ್ನೂ ಬರಬೇಕು.

ಕೊನೆಗೆ ಹಾಳೆಯ ಕೆಳಗೆ ಎರಡು ಅಂಕಿ ಬರೆಯಿರಿ. ಒಂದು, ವರದಿ ಹೇಳಿದ ನಿವ್ವಳ ಲಾಭ: 72 ಕೋಟಿ. ಇನ್ನೊಂದು, ಏರಿದ ಬಡ್ಡಿ ಕಳೆದು ಪೂರ್ತಿ ಶೇ 25 ತೆರಿಗೆ ಕಟ್ಟಿದರೆ ಉಳಿಯುವ ಲಾಭ: 74ರಲ್ಲಿ ಹದಿನೆಂಟೂವರೆ ಹೋಗಿ 55.5 ಕೋಟಿ. ಷೇರಿನ ಬೆಲೆಯನ್ನು ಎರಡನೆಯ ಅಂಕಿಯ ಜೊತೆ ಹೋಲಿಸಿ ನೋಡಿ.